ಮೊದಲು ಮಡಚಿ, ಆಮೇಲೆ ಬಿಡಿಸಿ: ಸರಣಿ–ಸಮಾಂತರ ಸರ್ಕ್ಯೂಟ್‌ನ ಲೆಕ್ಕ

ರೆಸಿಸ್ಟರ್‌ಗಳೆಲ್ಲ (ಕರೆಂಟ್‌ನ ಹರಿವಿಗೆ ತಡೆ ಒಡ್ಡುವ ಬಿಡಿಭಾಗಗಳು) ಒಂದೇ ಸಾಲಿನಲ್ಲಿದ್ದರೆ ಲೆಕ್ಕ ಸುಲಭ. ಎಲ್ಲವೂ ಸಮಾಂತರವಾಗಿದ್ದರೂ ಕಷ್ಟವಿಲ್ಲ. ಎರಡೂ ಬೆರೆತಾಗಲೇ ತಲೆ ಕೆಡುವುದು. ಆಗ ಹೆಚ್ಚಿನವರು ಬ್ಯಾಟರಿಯ ವೋಲ್ಟೇಜನ್ನು ಎದುರಿಗೆ ಸಿಕ್ಕ ರೆಸಿಸ್ಟರ್‌ನಿಂದ ಸುಮ್ನೆ ಭಾಗಿಸಿಬಿಡುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ.

ಒಂದು ಚಿತ್ರ ಬರೆದುಕೊಳ್ಳಿ. 12 ವೋಲ್ಟ್‌ನ ಬ್ಯಾಟರಿ. ಅದರಿಂದ ಹೊರಟ ತಂತಿಗೆ ಮೊದಲು 4 ಓಮ್‌ನ ರೆಸಿಸ್ಟರ್. ಅದನ್ನು ದಾಟಿದ ಮೇಲೆ ದಾರಿ ಎರಡಾಗುತ್ತದೆ. ಒಂದು ಕವಲಿನಲ್ಲಿ 6 ಓಮ್. ಇನ್ನೊಂದರಲ್ಲಿ 9 ಮತ್ತು 3 ಓಮ್, ಒಂದರ ಹಿಂದೆ ಒಂದು. ಕವಲುಗಳು ಮತ್ತೆ ಸೇರಿ ಬ್ಯಾಟರಿಗೆ ವಾಪಸು.

ಈಗ ಯಾವುದು ಸರಣಿ, ಯಾವುದು ಸಮಾಂತರ? ಚಿತ್ರದಲ್ಲಿ 4 ಮತ್ತು 6 ಅಕ್ಕಪಕ್ಕ ಕಾಣುತ್ತವೆ, ಆದರೆ ಅವು ಸರಣಿಯಲ್ಲಿಲ್ಲ. 4ನ್ನು ದಾಟಿದ ಕರೆಂಟ್‌ಗೆ ಅಲ್ಲಿ ಬೇರೆ ದಾರಿಯೂ ಇದೆ, ಅಲ್ವಾ? 9ನ್ನು ದಾಟಿದ ಕರೆಂಟ್‌ಗೆ ಮಾತ್ರ 3ರ ಮೂಲಕ ಹೋಗದೆ ಬೇರೆ ಗತಿಯಿಲ್ಲ. ಹಾಗಾಗಿ ಸರಣಿಯಲ್ಲಿರುವುದು ಆ ಎರಡೇ. ಎರಡು ರೆಸಿಸ್ಟರ್‌ಗಳ ನಡುವೆ ಕವಲು ಒಡೆದಿದೆಯೇ ಎಂದು ಬೆರಳಿಟ್ಟು ನೋಡಿ. ಚಿತ್ರದ ಆಕಾರವನ್ನು ನಂಬಬೇಡಿ.

ಇನ್ನು ಮಡಚುವ ಕೆಲಸ, ಅಂದರೆ ಹಲವು ರೆಸಿಸ್ಟರ್‌ಗಳ ಜಾಗಕ್ಕೆ ಅವಕ್ಕೆ ಸಮನಾದ ಒಂದನ್ನೇ ಬರೆಯುವುದು. ಬ್ಯಾಟರಿಯಿಂದ ದೂರದ ತುದಿಯಲ್ಲಿ ಶುರು ಮಾಡಿ. 9 ಮತ್ತು 3 ಸೇರಿ 12 ಓಮ್. ಈ 12 ಮತ್ತು ಆಚೆಯ 6 ಸಮಾಂತರ. ಎರಡೇ ಇದ್ದರೆ ಗುಣಲಬ್ಧವನ್ನು ಮೊತ್ತದಿಂದ ಭಾಗಿಸಿದರಾಯಿತು: 72ನ್ನು 18ರಿಂದ ಭಾಗಿಸಿದರೆ 4 ಓಮ್. ಸಮಾಂತರದ ಉತ್ತರ ಯಾವಾಗಲೂ ಅದರಲ್ಲಿನ ಅತಿ ಚಿಕ್ಕ ರೆಸಿಸ್ಟರ್‌ಗಿಂತ ಕಡಿಮೆ ಇರಬೇಕು. ಜಾಸ್ತಿ ಬಂದರೆ ಮತ್ತೆ ಲೆಕ್ಕ ಹಾಕಿ. ಈ 4ಕ್ಕೆ ಬ್ಯಾಟರಿ ಪಕ್ಕದ ಮೊದಲಿನ 4 ಸೇರಿಸಿದರೆ ಒಟ್ಟು 8 ಓಮ್. ಪ್ರತಿ ಸಲ ಮಡಚಿದಾಗಲೂ ಹೊಸ ಚಿತ್ರ ಬರೆಯಿರಿ. ಬಿಡಿಸುವಾಗ ಅವೇ ಬೇಕು.

ವಿಜ್ಞಾನಿ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಈಗ ಕೈಗೆ ಬರುತ್ತದೆ: ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್. 12 ವೋಲ್ಟ್, 8 ಓಮ್, ಅಂದರೆ ಬ್ಯಾಟರಿಯಿಂದ ಹೊರಡುವ ಕರೆಂಟ್ 1.5 ಆಂಪಿಯರ್.

ಬಿಡಿಸುತ್ತಾ ಹಿಂದಕ್ಕೆ ಬನ್ನಿ. ಸರಣಿಯಲ್ಲಿ ಕರೆಂಟ್ ಒಂದೇ, ಸಮಾಂತರದಲ್ಲಿ ವೋಲ್ಟೇಜ್ ಒಂದೇ. ನೆನಪಿಡಬೇಕಾದ್ದು ಇಷ್ಟೇ. 1.5 ಆಂಪಿಯರ್ ಪೂರ್ತಿ ಮೊದಲ 4 ಓಮ್‌ನಲ್ಲಿ ಹರಿಯುತ್ತದೆ, ಅಲ್ಲಿ 6 ವೋಲ್ಟ್ ಖರ್ಚು. ಕವಲುಗಳಿಗೆ ಉಳಿದದ್ದು 6 ವೋಲ್ಟ್. 6 ಓಮ್‌ನಲ್ಲಿ 1 ಆಂಪಿಯರ್. 12 ಓಮ್‌ನ ಕವಲಿನಲ್ಲಿ 0.5 ಆಂಪಿಯರ್. ಆ ಕವಲನ್ನು ಬಿಡಿಸಿದರೆ 9 ಓಮ್‌ಗೆ 4.5 ವೋಲ್ಟ್, 3 ಓಮ್‌ಗೆ 1.5 ವೋಲ್ಟ್.

ಸರಿಯಿದೆಯೇ ಎಂದು ನೋಡಲು ನನಗಿಷ್ಟವಾದ ದಾರಿ ವ್ಯಾಟ್‌ಗಳನ್ನು ಕೂಡುವುದು. ಬ್ಯಾಟರಿ ಕೊಟ್ಟದ್ದು 12 ಗುಣಿಸು 1.5, ಅಂದರೆ 18 ವ್ಯಾಟ್. ರೆಸಿಸ್ಟರ್‌ಗಳಲ್ಲಿ 9, 6, 2.25 ಮತ್ತು 0.75. ಕೂಡಿದರೆ 18.

ಇದನ್ನೇ ಕಾಲು ವ್ಯಾಟ್‌ನ ಪುಟ್ಟ ರೆಸಿಸ್ಟರ್‌ಗಳಲ್ಲಿ ಜೋಡಿಸಲು ಹೋಗಬೇಡಿ, 9 ವ್ಯಾಟ್‌ಗೆ ಸುಟ್ಟು ಹೊಗೆ ಬರುತ್ತದೆ. ಓಮ್ ಬದಲು ಅಷ್ಟೇ ಕಿಲೋ ಓಮ್ ಹಾಕಿ. ವೋಲ್ಟೇಜ್‌ಗಳು ಹಾಗೇ ಇರುತ್ತವೆ, ಕರೆಂಟ್ ಮಾತ್ರ ಮಿಲಿ ಆಂಪಿಯರ್‌ಗೆ ಇಳಿಯುತ್ತದೆ.

ಮಡಚಲಾಗದ ಸರ್ಕ್ಯೂಟ್‌ಗಳೂ ಇವೆ. ಎರಡೂ ಕವಲುಗಳಲ್ಲಿ ಎರಡೆರಡು ರೆಸಿಸ್ಟರ್ ಇದ್ದು, ಅವುಗಳ ನಡುಮಧ್ಯಕ್ಕೆ ಅಡ್ಡಲಾಗಿ ಐದನೆಯದೊಂದು ಕೂತರೆ ಸರಣಿಯೂ ಸಿಗುವುದಿಲ್ಲ, ಸಮಾಂತರವೂ ಸಿಗುವುದಿಲ್ಲ. ಅಂಥದ್ದಕ್ಕೆ ವಿಜ್ಞಾನಿ ಕಿರ್ಚಾಫ್ 1845ರಲ್ಲಿ ಕೊಟ್ಟ ಎರಡು ನಿಯಮಗಳನ್ನು ಹಿಡಿದು ಸಮೀಕರಣ ಬರೆಯಬೇಕು.