ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ನಡುಗಿದರೆ ಮೊದಲು ಏನು ನೋಡಬೇಕು

2010ರಿಂದ ಹಲವು ವರ್ಷ ಮಾರುತಿ ಸ್ವಿಫ್ಟ್ ಪೆಟ್ರೋಲ್ ಕಾರಿನಲ್ಲಿ ಬಂದ ಕೆ12 ಎಂಜಿನ್ 1,197 ಸಿಸಿಯದು; ಬೋರ್ (ಸಿಲಿಂಡರಿನ ಒಳವ್ಯಾಸ) 73 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 71.5 ಮಿ.ಮೀ., ಸಿಲಿಂಡರಿಗೆ ನಾಲ್ಕರಂತೆ 16 ವಾಲ್ವ್‌ಗಳು. ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡಲು ಇದರಲ್ಲಿ ಟೈಮಿಂಗ್ ಬೆಲ್ಟ್ ಬದಲು ಚೈನ್ ಇದೆ. ಇಂಥ ಯಾವುದೇ ಎಂಜಿನ್ನಿನಲ್ಲಿ ಆಯಿಲ್ ಬದಲಿಸುವುದನ್ನು ಮುಂದೂಡುತ್ತ ಹೋದರೆ ಚೈನ್ ಹಾಗೂ ಅದನ್ನು ಬಿಗಿಯಾಗಿಡುವ ಟೆನ್ಷನರ್ ಸವೆದು, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಗಲಗಲ ಸದ್ದು ಬರತೊಡಗುತ್ತದೆ.

ವಯಸ್ಸಾದ ನಾಲ್ಕು ಸಿಲಿಂಡರಿನ ಎಂಜಿನ್ನುಗಳಲ್ಲಿ ಹೆಚ್ಚಾಗಿ ಕಾಣುವ, ನಡುಕ ತರುವ ದೋಷವೆಂದರೆ ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗ್ ನಡುಗುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ. ನನ್ನ ಹಳೆಯ ಕಾರಿಗೆ ಹೀಗಾದಾಗ ಗ್ಯಾರೇಜಿನವರು ಪೆಟ್ರೋಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆಂದರು. ಕಿಡಿ ಹೊತ್ತಿಸುವ ಪ್ರತಿ ಸ್ಪಾರ್ಕ್ ಪ್ಲಗ್ಗಿಗೂ ವಿದ್ಯುತ್ ಕೊಡುವ ಪ್ರತ್ಯೇಕ ಕಾಯಿಲ್ ಇದ್ದುದರಿಂದ ನಾನು ಮೊದಲು ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಚ್ಚಿದೆ. ಎರಡನೆಯ ಸಿಲಿಂಡರನ್ನು ಸೂಚಿಸುವ ಪಿ0302 ಕೋಡ್ ಬಂತು. ಎಂಜಿನ್ ಆರಿದ ಮೇಲೆ ಎರಡನೆಯ ಮತ್ತು ಮೂರನೆಯ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿದಾಗ ಮೂರನೆಯ ಸಿಲಿಂಡರಿನ ಪಿ0303 ಬಂದಿತು, ಅಂದರೆ ದೋಷವು ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು. ಒಂದೇ ಕಾಯಿಲ್ ಬದಲಿಸುವುದರಲ್ಲಿ ಕೆಲಸ ಮುಗಿಯಿತು.

ಕೋಡ್ ಕದಲದಿದ್ದರೆ ಪ್ಲಗ್ಗನ್ನೂ ಹೀಗೆಯೇ ಪರೀಕ್ಷಿಸಬಹುದು. ಆದರೆ ಎಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ ಕೂರುವ ತಿರುಪಿನ ಎಳೆ (ಥ್ರೆಡ್) ಕಿತ್ತುಹೋಗದಂತೆ ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ, ಮತ್ತೆ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಪ್ಲಗ್ ಕೂರುವ ಕುಳಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಸೀಲ್ ಸೋರುತ್ತಿದೆ ಎಂದರ್ಥ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರಂತೂ ಗಾಡಿ ಓಡಿಸಬೇಡಿ, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ; ಅದರ ಬೆಲೆ ಕಾಯಿಲ್‌ಗಿಂತ ಎಷ್ಟೋ ಪಟ್ಟು ಹೆಚ್ಚು.