ಬಾಟಲಿಯಲ್ಲಿ ಬಂದ ಬಾವಿ ನೀರು

ಒಂಬತ್ತು ವರ್ಷ ನಾನು ಲ್ಯಾಬಿನಲ್ಲೇ ಇದ್ದವಳು. ನೀರಿನಲ್ಲಿರುವ ಲೋಹಗಳನ್ನು ಅಳೆಯುವುದು ನನ್ನ ಸಂಶೋಧನೆ. ಅಮ್ಮನಿಗೆ ಹುಷಾರಿಲ್ಲದಾಗ ಮಂಗಳೂರಿಗೆ ವಾಪಸ್ ಬಂದು ಡಿಗ್ರಿ ಕಾಲೇಜೊಂದಕ್ಕೆ ಸೇರಿದೆ. ಗೊತ್ತಿರುವ ಕೆಮಿಸ್ಟ್ರಿಯೇ ಅಲ್ವಾ, ಕಲಿಸುವುದು ಸುಲಭ ಅಂದುಕೊಂಡಿದ್ದೆ.

ಮೊದಲ ಇಂಟರ್ನಲ್‌ನಲ್ಲಿ ಅರ್ಧ ಕ್ಲಾಸು ಫೇಲ್. ಬಂಟ್ವಾಳ ಕಡೆಯ ಹುಡುಗನೊಬ್ಬನನ್ನು ಕೂರಿಸಿ ಕೇಳಿದೆ. ಹತ್ತನೇವರೆಗೆ ಕನ್ನಡ ಮೀಡಿಯಂ ಓದಿದವನು. "ಮೇಡಂ, ನೀವು ಹೇಳುವಾಗ ಎಲ್ಲ ಅರ್ಥ ಆಗ್ತದೆ. ಬರೆಯುವಾಗ ಒಂದೂ ಬರುದಿಲ್ಲ" ಅಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಡೀ ಗಂಟೆ ನಾನೇ ಮಾತಾಡುತ್ತಿದ್ದೆ. ಅವರು ಎಲ್ಲಿ ಎಡವುತ್ತಾರೆ ಅಂತ ನೋಡಿರಲೇ ಇಲ್ಲ.

ಹಾರ್ವರ್ಡ್‌ನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಕ್ರಮವೊಂದನ್ನು ಹಿಡಿದುಕೊಂಡೆ. ಪಾಠದ ಮಧ್ಯೆ ನಿಲ್ಲಿಸಿ ಒಂದು ಪ್ರಶ್ನೆ. ಮೊದಲು ಒಬ್ಬೊಬ್ಬರೇ ಉತ್ತರ ಬರೆಯಬೇಕು, ಆಮೇಲೆ ಅದು ಯಾಕೆ ಸರಿ ಅಂತ ಪಕ್ಕದವರನ್ನು ಒಪ್ಪಿಸಬೇಕು. ತುಳು, ಬ್ಯಾರಿ, ಕೊಂಕಣಿ, ಯಾವ ಭಾಷೆಯಾದರೂ ಸರಿ ಅಂದೆ. ಸುಮ್ನೆ ಕೂರುತ್ತಿದ್ದ ಕ್ಲಾಸು ಗಿಜಿಗುಟ್ಟತೊಡಗಿತು. ಬೆಂಚುಗಳ ನಡುವೆ ನಿಂತು ಕೇಳಿಸಿಕೊಂಡರೆ ಸಾಕು, ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಪೋರ್ಷನ್ ಸ್ವಲ್ಪ ನಿಧಾನವಾಯಿತು. ಆದರೆ ಆಗಲಿ ಅಂತ ಬಿಟ್ಟೆ.

ಜಾಸ್ತಿ ಬದಲಾವಣೆ ಕಂಡಿದ್ದು ಪ್ರಾಕ್ಟಿಕಲ್‌ನಲ್ಲಿ. ಏಪ್ರಿಲ್‌ನಲ್ಲಿ ಎಲ್ಲರಿಗೂ ಅವರವರ ಮನೆ ಬಾವಿಯ ನೀರು ತರಲು ಹೇಳಿದೆ, ಉಪ್ಪಿನಲ್ಲಿರುವ ಕ್ಲೋರೈಡ್ ಎಷ್ಟಿದೆ ಅಂತ ಅಳೆಯಲು. ಫ್ಲಾಸ್ಕಿನ ನೀರಿಗೆ ನಾಲ್ಕು ಹನಿ ಪೊಟ್ಯಾಸಿಯಂ ಕ್ರೋಮೇಟ್ ಹಾಕಿದರೆ ಹಳದಿ. ಅಳತೆಯ ಗೆರೆಗಳಿರುವ ಗಾಜಿನ ಕೊಳವೆ, ಅಂದರೆ ಬ್ಯುರೆಟ್‌ನಿಂದ ಸಿಲ್ವರ್ ನೈಟ್ರೇಟ್ ಬಿಡುತ್ತಾ ಹೋದರೆ ಮೊದಲು ಹಾಲಿನ ಹಾಗೆ ಬಿಳಿ. ಕ್ಲೋರೈಡ್ ಮುಗಿದ ಕೂಡಲೇ ಸಿಲ್ವರ್ ಹೋಗಿ ಕ್ರೋಮೇಟ್ ಜೊತೆ ಸೇರುತ್ತದೆ, ನಮ್ಮ ಹಂಚಿನ ಬಣ್ಣ ಬರುತ್ತದೆ.

ನದಿಗೂ ಸಮುದ್ರಕ್ಕೂ ನಡುವೆ ಇರುವ ಬೆಂಗ್ರೆಯಿಂದ ಫೆರಿಯಲ್ಲಿ ಬರುವ ಹುಡುಗಿಯ ಬ್ಯುರೆಟ್ ಇಳಿಯುತ್ತಲೇ ಇತ್ತು, ಬಣ್ಣ ತಿರುಗಲೇ ಇಲ್ಲ. ತಾನೇ ತಪ್ಪು ಮಾಡಿದೆ ಅಂತ ಕಣ್ಣಲ್ಲಿ ನೀರು. ಮೂರು ಸಲ ಮಾಡಿಸಿದೆ, ಮೂರು ಸಲವೂ ಅದೇ ರೀಡಿಂಗ್. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಅವಳ ಲೆಕ್ಕ ಅದರ ಮೂರು ಪಟ್ಟು ದಾಟಿತ್ತು. "ತಪ್ಪಲ್ಲ, ನಿಮ್ಮ ಬಾವಿಗೆ ಸಮುದ್ರ ಬಂದಿದೆ" ಅಂದೆ. ಬೇಸಿಗೆಯಲ್ಲಿ ಸಿಹಿನೀರು ಇಳಿದಾಗ ಉಪ್ಪುನೀರು ಹೇಗೆ ಒಳಗೆ ನುಗ್ಗುತ್ತದೆ ಅಂತ ಆಮೇಲೆ ಇಡೀ ಕ್ಲಾಸಿಗೆ ವಿವರಿಸಿದವಳು ಅವಳೇ, ಬೋರ್ಡಿನಲ್ಲಿ ಚಿತ್ರ ಬರೆದು.

ಮಳೆ ಹಿಡಿದ ಮೇಲೆ ಒಂದು ದಿನ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೊಂದು ಬಾಟಲಿ. ನಾನು ಹೇಳಿರಲಿಲ್ಲ. "ಈಗ ಎಷ್ಟು ಉಂಟು ನೋಡ್ಬೇಕು ಮೇಡಂ" ಅಂದಳು.