ಕಬ್ಬಿನ ಗರಿ ಬಡಿದ ಕಣ್ಣಿಗೆ ನ್ಯಾಟಮೈಸಿನ್: ಹನಿ ಹಾಕುವ ಕ್ರಮ

ಅಥಣಿ, ಚಿಕ್ಕೋಡಿ, ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿಯುವಾಗ ಗರಿಯ ಗರಗಸದಂಥ ಅಂಚು ಕಣ್ಣಿಗೆ ಸವರಿ ಹೋಗುವುದು ಹೊಸದೇನಲ್ಲ. ವಿಜಯಪುರದ ಕಡೆ ಬಿಳಿಜೋಳದ ರಾಶಿ ಮಾಡುವಾಗ ಹಾರುವ ಹೊಟ್ಟೂ ಅದೇ ಕೆಲಸ ಮಾಡುತ್ತದೆ. ಕಣ್ಣು ಉಜ್ಜಿಕೊಂಡು, ನೀರು ಚಿಮುಕಿಸಿಕೊಂಡು ಜನ ಕೆಲಸಕ್ಕೆ ಮರಳುತ್ತಾರೆ. ಅಷ್ಟರಲ್ಲಿ ಗರಿಯ ಮೇಲಿದ್ದ ಫಂಗಸ್ ಕಾರ್ನಿಯಾದ ಗೀರಿನೊಳಗೆ ಸೇರಿರಬಹುದು. ಕಾರ್ನಿಯಾ ಎಂದರೆ ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪರದೆ. ಬ್ಯಾಕ್ಟೀರಿಯಾದ ಹುಣ್ಣು ಸಾಮಾನ್ಯವಾಗಿ ಒಂದೆರಡು ದಿನದಲ್ಲೇ ಕಣ್ಣು ಕೆಂಡವಾಗಿಸಿ ದವಾಖಾನೆಗೆ ಓಡಿಸುತ್ತದೆ. ಫಂಗಸ್ ಹಾಗಲ್ಲ, ಹಲವು ದಿನ, ಕೆಲವೊಮ್ಮೆ ವಾರಗಳ ಕಾಲ ತಣ್ಣಗೆ ಬೆಳೆಯುತ್ತದೆ. ಕರಿಗುಡ್ಡೆಯ ಮೇಲೆ ಬೂದುಬಿಳಿ ಚುಕ್ಕೆ ಕಾಣುವ ಹೊತ್ತಿಗೆ ಗಾಯವಾದದ್ದೇ ಮರೆತುಹೋಗಿರುತ್ತದೆ.

ಈ ಹುಣ್ಣಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವ ಔಷಧ ನ್ಯಾಟಮೈಸಿನ್ 5% ಕಣ್ಣಿನ ಹನಿ. ಬರೆಯುವ ಮೊದಲು ಹುಣ್ಣಿನ ಅಂಚನ್ನು ಕೆರೆದು, ಆ ಚೂರನ್ನು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಫಂಗಸ್‌ನ ಎಳೆ ಇದ್ದರೆ ಅದೇ ದಿನ ಗೊತ್ತಾಗುತ್ತದೆ. ಚೂರನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ವರದಿಗೆ ಮಾತ್ರ ವಾರ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಬೆಳಗಾವಿಯ ಬಿಮ್ಸ್ ಮತ್ತು ಕೆಎಲ್ಇ, ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ವಿಜಯಪುರದ ಬಿಎಲ್‌ಡಿಇ ಇಂಥ ಮೆಡಿಕಲ್ ಕಾಲೇಜುಗಳಲ್ಲಿ ಕಣ್ಣಿನ ವಿಭಾಗವೂ ಮೈಕ್ರೋಬಯಾಲಜಿಯೂ ಒಂದೇ ಆವರಣದಲ್ಲಿ ಸಿಗುತ್ತವೆ. ಕೆರೆಯದೆ, ಬರೀ ಟಾರ್ಚ್ ಬಿಟ್ಟು ನೋಡಿ ಹನಿ ಬರೆದುಕೊಟ್ಟರೆ, ಕೆರೆದು ನೋಡುವ ಕಡೆ ಹೋಗುವುದೇ ಲೇಸು.

ಕೆರೆಯುವುದರಿಂದ ಇನ್ನೊಂದು ಉಪಯೋಗವಿದೆ. ನ್ಯಾಟಮೈಸಿನ್ ಕಾರ್ನಿಯಾದೊಳಗೆ ಆಳಕ್ಕೆ ಇಳಿಯುವ ಔಷಧವಲ್ಲ. ಮೇಲ್ಪದರ ಗಟ್ಟಿಯಾಗಿದ್ದರಂತೂ ಮೇಲೇ ಉಳಿಯುತ್ತದೆ. ಅದು ಫಂಗಸ್‌ನ ಪೊರೆಯಲ್ಲಿರುವ ಕೊಬ್ಬಿನಂಥ ವಸ್ತು ಎರ್ಗೊಸ್ಟೆರಾಲ್‌ಗೆ ಅಂಟಿಕೊಂಡು ಬೆಳವಣಿಗೆ ತಡೆಯುತ್ತದೆ, ಹಾಗೆ ಅಂಟಬೇಕಾದರೆ ಅಲ್ಲಿಗೆ ಮುಟ್ಟಬೇಕಲ್ಲ. ಆದ್ದರಿಂದಲೇ ಕೆಲವರಿಗೆ ಕೆಲವು ದಿನಕ್ಕೊಮ್ಮೆ ಮತ್ತೆ ಕೆರೆಯುತ್ತಾರೆ, ಹನಿಯನ್ನೂ ಗಂಟೆಗೊಮ್ಮೆ ಬರೆಯುತ್ತಾರೆ. ಈ ಔಷಧದಲ್ಲಿ ಎಷ್ಟು ಸಲ ಹಾಕಿದಿರಿ ಎಂಬುದೇ ಡೋಸ್. ನಾಲ್ಕು ಸಲ ತಪ್ಪಿಸಿ ಐದನೆಯ ಸಲ ನಾಲ್ಕು ಹನಿ ಸುರಿದರೆ ಲೆಕ್ಕ ಕೂಡುವುದಿಲ್ಲ: ಕಣ್ಣಿನಲ್ಲಿ ಒಂದು ಹನಿಗೂ ಪೂರ್ತಿ ಜಾಗವಿಲ್ಲ, ಮಿಕ್ಕಿದ್ದು ಕೆನ್ನೆಗೆ ಇಳಿಯುತ್ತದೆ.

ಅಂಗಡಿಯಲ್ಲಿ ಬಾಟಲಿಯ ಮೇಲೆ ‘ನ್ಯಾಟಮೈಸಿನ್ 5%’ ಎಂದೇ ಇದೆಯೇ ಓದಿ. ಟೋಬ್ರಾಮೈಸಿನ್, ಜೆಂಟಾಮೈಸಿನ್, ನಿಯೋಮೈಸಿನ್ ಎಲ್ಲವೂ ‘ಮೈಸಿನ್’ಗಳೇ, ಆದರೆ ಅವು ಬ್ಯಾಕ್ಟೀರಿಯಾದವು. ಫಂಗಸ್‌ಗೆ ಅವು ನೀರಿಗೆ ಸಮ. ಕಂಪನಿ ಬೇರೆಯಾದರೆ ಚಿಂತೆಯಿಲ್ಲ, ಒಳಗಿನ ಔಷಧ ಬೇರೆಯಾಗಬಾರದು. ಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಇದು ಸಿಗುವ ಖಾತ್ರಿಯಿಲ್ಲ. ಊರಿಗೆ ಹೊರಡುವ ಮುಂಚೆ ಪೇಟೆಯಲ್ಲೇ ಎರಡು ಬಾಟಲಿ ಕೊಂಡುಬಿಡಿ.

ಇನ್ನು ಹಾಕುವ ರೀತಿ. ಕೈಯನ್ನು ಸೋಪು ಹಚ್ಚಿ ತೊಳೆದು ಒರೆಸಿ. ಬಾಟಲಿಯನ್ನು ಪ್ರತಿ ಸಲವೂ ಚೆನ್ನಾಗಿ ಕುಲುಕಿ. ಇದು ತಿಳಿ ದ್ರಾವಣವಲ್ಲ, ಬಿಳಿ ಪುಡಿ ತೇಲುವ ಸಸ್ಪೆನ್ಶನ್. ಇಟ್ಟಲ್ಲೇ ಪುಡಿ ತಳಕ್ಕೆ ಕೂರುತ್ತದೆ. ಕುಲುಕದೆ ಹಾಕುತ್ತ ಬಂದವರಿಗೆ ಮೊದಮೊದಲು ಬರೀ ನೀರು, ಕೊನೆಯಲ್ಲಿ ಸುಣ್ಣದಂಥ ಗಸಿ ಬರುತ್ತದೆ. ರೋಗಿ ಮಲಗಲಿ, ಇಲ್ಲವೇ ಗೋಡೆಗೆ ತಲೆ ಆನಿಸಿ ಮೇಲೆ ನೋಡಲಿ. ಬೆಳಕು ಚುಚ್ಚುವುದರಿಂದ ರೆಪ್ಪೆ ಬಿಗಿಯುತ್ತಾರೆ, ಕಿಟಕಿ ಪರದೆ ಎಳೆದರೆ ಅರ್ಧ ಕಷ್ಟ ಹಗುರ. ಕೆಳರೆಪ್ಪೆಯನ್ನು ಕೆನ್ನೆಯ ಮೂಳೆಯ ಕಡೆಗೆ ಎಳೆದು ಹಿಡಿದಾಗ ಸಣ್ಣ ಜೇಬು ತೆರೆಯುತ್ತದೆ. ಅದರೊಳಗೆ ಒಂದೇ ಹನಿ. ಮೇಲ್‌ರೆಪ್ಪೆಯನ್ನು ಒತ್ತಿ ಎತ್ತಬೇಡಿ, ಹುಣ್ಣಿರುವ ಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ಬಾಟಲಿಯ ಮೂತಿ ಒಂದೆರಡು ಸೆಂಟಿಮೀಟರ್ ಮೇಲಿರಲಿ. ರೆಪ್ಪೆಗೋ ಕೂದಲಿಗೋ ತಾಗಿದರೆ ಕೊಳೆ ಬಾಟಲಿಯೊಳಗೆ ಸೇರುತ್ತದೆ. ಹಾಕಿದ ಮೇಲೆ ಕಣ್ಣನ್ನು ಮೆಲ್ಲಗೆ ಒಂದೆರಡು ನಿಮಿಷ ಮುಚ್ಚಿರಬೇಕು, ಹಿಂಡಬಾರದು. ಹೊರಗೆ ಬಂದದ್ದನ್ನು ಶುಭ್ರ ಹತ್ತಿಯಿಂದ ಕೆನ್ನೆಯ ಮೇಲಷ್ಟೇ ಒರೆಸಿ. ಸೆರಗು, ಟವೆಲ್ಲು ಬೇಡ.

ವೇಳೆಯ ಲೆಕ್ಕ ವೈದ್ಯರ ಚೀಟಿಯದೇ ಅಂತಿಮ. ಸಾಮಾನ್ಯವಾಗಿ ಮೊದಲ 3–4 ದಿನ ಗಂಟೆಗೊಮ್ಮೆ ಅಥವಾ ಎರಡು ಗಂಟೆಗೊಮ್ಮೆ, ಆಮೇಲೆ ದಿನಕ್ಕೆ 6–8 ಸಲ, ಒಟ್ಟು ಕನಿಷ್ಠ 14–21 ದಿನ ಎಂದಿರುತ್ತದೆ. ದಕ್ಷಿಣ ಭಾರತದ ಅರವಿಂದ ಕಣ್ಣಿನ ಆಸ್ಪತ್ರೆಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕ್ರಮ ಇನ್ನೂ ಬಿಗಿಯಾಗಿತ್ತು: ಎಚ್ಚರವಿರುವಷ್ಟು ಹೊತ್ತು ಮೊದಲ ವಾರ ಗಂಟೆಗೊಮ್ಮೆ, ಮೂರು ವಾರ ಮುಗಿಯುವವರೆಗೆ ಎರಡು ಗಂಟೆಗೊಮ್ಮೆ. ಆ ಪ್ರಯೋಗದಲ್ಲಿ ವೊರಿಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧದ ಹನಿಗಿಂತ ನ್ಯಾಟಮೈಸಿನ್ ಹಾಕಿದವರ ದೃಷ್ಟಿ ಚೆನ್ನಾಗಿ ಉಳಿಯಿತು, ಫ್ಯುಸೇರಿಯಂ ಎಂಬ ಫಂಗಸ್ ಇದ್ದವರಲ್ಲಂತೂ ಅಂತರ ಎದ್ದು ಕಂಡಿತು. ದಕ್ಷಿಣ ಭಾರತದ ಹೊಲಗಳಲ್ಲಿ ತಗಲುವ ಕಣ್ಣಿನ ಫಂಗಸ್‌ಗಳಲ್ಲಿ ಇದೇ ಮುಂದಾಳು. ದುಬಾರಿ ಹನಿ ಬರೆಯಲಿಲ್ಲವೆಂದು ಬೇಸರಪಡುವವರಿಗೆ ಇದನ್ನು ಹೇಳಬೇಕು.

ಬೆಳಗಿನ 6ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಎಂದರೆ ದಿನಕ್ಕೆ 17 ಹನಿ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಹಿಡಿದರೆ 5 ಮಿಲಿಯ ಬಾಟಲಿ ಆರು ದಿನದ ಆಸುಪಾಸು, 3 ಮಿಲಿಯದು ಮೂರೂವರೆ ದಿನ ಬರುತ್ತದೆ. ವಾರವಾದರೂ ಅರ್ಧ ಬಾಟಲಿ ಉಳಿದಿದ್ದರೆ ವೇಳೆ ತಪ್ಪುತ್ತಿದೆ. ಮೂರೇ ದಿನಕ್ಕೆ 5 ಮಿಲಿ ಖಾಲಿಯಾದರೆ ಹನಿ ಹೊರಗೆ ಬೀಳುತ್ತಿದೆ. ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಟ್ಟು, ಕ್ಯಾಲೆಂಡರಿನ ಹಿಂದೆ ಗೀಟು ಹಾಕುತ್ತ ಹೋಗಿ. ದಿನವಿಡೀ ಹೊಲಕ್ಕೆ ಹೋಗುವ ಮನೆಯಲ್ಲಿ ರೋಗಿಯ ಜೊತೆ ಒಬ್ಬರು ಉಳಿಯದೆ ಇದು ಸಾಗುವುದಿಲ್ಲ. ಅದು ಅಸಾಧ್ಯವಾದರೆ ನಾಚಿಕೆಪಡದೆ ಮೊದಲ ವಾರ ಅಡ್ಮಿಟ್ ಮಾಡಿಕೊಳ್ಳಿ ಎಂದು ಕೇಳಿ. ನರ್ಸ್ ಹಾಕುವ ಹನಿ ತಪ್ಪುವುದು ಕಡಿಮೆ.

ಜೊತೆಗೆ ಹೋಮಾಟ್ರೋಪಿನ್ ಅಥವಾ ಅಟ್ರೋಪಿನ್ ಹನಿ ಕೊಟ್ಟಿರುತ್ತಾರೆ. ಅದು ಪಾಪೆಯನ್ನು ಹಿಗ್ಗಿಸಿ ಒಳಗಿನ ಸೆಳೆತದ ನೋವು ಇಳಿಸುತ್ತದೆ. ಹತ್ತಿರದ್ದು ಮಸುಕಾಗುವುದು, ಬಿಸಿಲು ಕುಕ್ಕುವುದು ಅದರ ಸಹಜ ಗುಣ, ಗಾಡಿ ಓಡಿಸಬೇಡಿ. ಅಟ್ರೋಪಿನ್ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿದರೆ ಔಷಧ ಗಂಟಲಿಗೆ ಇಳಿದು ಬಾಯಿ ಒಣಗಿಸುವುದು, ಎದೆ ಬಡಿಸುವುದು ತಗ್ಗುತ್ತದೆ. ಎರಡು ಬಗೆಯ ಹನಿಗಳ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಹಾಕುತ್ತದೆ. ತಿಳಿ ಹನಿ ಮೊದಲು, ನ್ಯಾಟಮೈಸಿನ್ ಆಮೇಲೆ, ಮುಲಾಮು ಇದ್ದರೆ ಎಲ್ಲಕ್ಕೂ ಕಡೆಗೆ. ತಪಾಸಣೆಯಲ್ಲಿ ನೋವು ಮಾಯ ಮಾಡುವ ಪ್ರೊಪರಾಕೇನ್ ಹನಿಯನ್ನು ಮಾತ್ರ ಮನೆಗೆ ಕೇಳಬೇಡಿ. ಪದೇ ಪದೇ ಹಾಕಿದರೆ ಅದು ಹುಣ್ಣು ಮಾಯದಂತೆ ಮಾಡುತ್ತದೆ.

ನ್ಯಾಟಮೈಸಿನ್ ಇಡಬೇಕಾದ ತಾಪ 2ರಿಂದ 24 ಡಿಗ್ರಿ. ಏಪ್ರಿಲ್-ಮೇನಲ್ಲಿ 40 ದಾಟುವ ವಿಜಯಪುರದಲ್ಲಿ ಗೋಡೆಯ ಗೂಡು ಔಷಧದ ಜಾಗವಲ್ಲ, ಬೈಕಿನ ಡಿಕ್ಕಿಯಂತೂ ಅಲ್ಲವೇ ಅಲ್ಲ. ಫ್ರಿಜ್ಜಿನ ಬಾಗಿಲಲ್ಲಿಡಿ, ಫ್ರೀಜರಿನಲ್ಲಿ ಬೇಡ. ಫ್ರಿಜ್ಜಿಲ್ಲದ ಮನೆಯಲ್ಲಿ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಒದ್ದೆ ಬಟ್ಟೆ ಸುತ್ತಿದ ಸಣ್ಣ ಗಡಿಗೆಯೊಳಗೆ ನೆರಳಿನಲ್ಲಿಡಬಹುದು. ನಮ್ಮ ಒಣಹವೆಗೆ ಅದು ಹೊರಗಿಗಿಂತ ತಂಪಾಗಿರುತ್ತದೆ, ಬಟ್ಟೆ ಒಣಗಲು ಬಿಡಬಾರದಷ್ಟೇ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು, ತಿಂಗಳು ತುಂಬಿದರೆ ಎಸೆಯಿರಿ.

ಕಣ್ಣು ಕಳೆದುಕೊಳ್ಳುವ ಹಾದಿ ಬಹಳ ಸಲ ಶುರುವಾಗುವುದು ಸ್ಟೀರಾಯ್ಡ್ ಹನಿಯಿಂದ. ಕೆಂಪಾದ ಕಣ್ಣಿಗೆಂದು ಅಂಗಡಿಯವರು ಕೊಡುವ ಮಿಶ್ರಣದಲ್ಲಿ ಡೆಕ್ಸಾಮೆಥಸೋನ್ ಇದ್ದರೆ ಎರಡೇ ದಿನದಲ್ಲಿ ಕೆಂಪು ಇಳಿಯುತ್ತದೆ, ಉರಿ ತಗ್ಗುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಇಳಿದದ್ದು ಕಣ್ಣಿನ ಪ್ರತಿರೋಧ. ಫಂಗಸ್ ಈಗ ತಡೆಯಿಲ್ಲದೆ ಆಳಕ್ಕೆ ಹೋಗುತ್ತಿರುತ್ತದೆ. ಮನೆಯಲ್ಲಿರುವ ಹನಿಗಳ ಲೇಬಲ್ ತಿರುಗಿಸಿ ನೋಡಿ: ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಲೋಟೆಪ್ರೆಡ್ನಾಲ್, ಫ್ಲೋರೋಮೆಥೊಲೋನ್, ಡೈಫ್ಲುಪ್ರೆಡ್ನೇಟ್ ಎಂದಿದ್ದರೆ ಈ ಕಣ್ಣಿಗೆ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಮುಚ್ಚಿಡದೆ ಬಾಟಲಿಯನ್ನೇ ವೈದ್ಯರ ಮುಂದಿಡಿ. ಹಾಲು, ಎಣ್ಣೆ, ಜೇನು, ಎಲೆಯ ರಸ, ನಾಲಿಗೆಯಿಂದ ಕಸ ತೆಗೆಸುವುದು, ಇವೆಲ್ಲ ಹೊಸ ಕ್ರಿಮಿಗಳನ್ನು ಕರೆತರುವ ದಾರಿಗಳು.

ಮೊದಲ ವಾರ ಎರಡು-ಮೂರು ದಿನಕ್ಕೊಮ್ಮೆ ಸ್ಲಿಟ್ ಲ್ಯಾಂಪಿನಲ್ಲಿ (ಕಣ್ಣನ್ನು ಬೆಳಕು ಬಿಟ್ಟು ದೊಡ್ಡದಾಗಿ ನೋಡುವ ಯಂತ್ರ) ತೋರಿಸಬೇಕಾಗುತ್ತದೆ. ಗುಣವಾಗುವುದು ನಿಧಾನ, ಮೊದಮೊದಲು ಹುಣ್ಣು ಹಿಗ್ಗದೆ ನಿಂತರೂ ಒಳ್ಳೆಯ ಸುದ್ದಿಯೇ. ಪುಕ್ಕದ ಹಾಗೆ ಹರಡಿದ್ದ ಅಂಚು ಮೊಂಡಾಗುವುದು, ಒಳಗೆ ಕೀವಿನ ಬಿಳಿ ಗೆರೆ ಇದ್ದರೆ ಅದು ತಗ್ಗುವುದು ವೈದ್ಯರು ನೋಡುವ ಗುರುತು. ಹುಣ್ಣಿನ ಮೇಲೆ ಸುಣ್ಣದ ಪುಡಿಯಂತೆ ಕೂತದ್ದು ಹಲವು ಸಲ ಔಷಧದ ಗಸಿಯೇ. ಮನೆಯಲ್ಲಿ ಕೆರೆಯಬೇಡಿ, ಅವರೇ ತೆಗೆಯುತ್ತಾರೆ. 7–10 ದಿನವಾದರೂ ಏನೂ ಬದಲಾಗದಿದ್ದರೆ ಮತ್ತೆ ಕೆರೆದು ನೋಡಿ ಔಷಧ ಬದಲಿಸಬೇಕೇ ಎಂದು ನಿರ್ಧರಿಸುತ್ತಾರೆ. ಕಣ್ಣಿನಿಂದ ಬೆಚ್ಚನೆಯ ನೀರು ಒಮ್ಮೆಲೇ ಹರಿದರೆ, ದೃಷ್ಟಿ ಥಟ್ಟನೆ ಕುಸಿದರೆ ಹುಣ್ಣು ತೂತಾಗಿರಬಹುದು, ಆಗ ನೋವು ಕಡಿಮೆಯಾದಂತೆ ಅನಿಸಿದರೂ ಮೋಸ ಹೋಗಬೇಡಿ. ಒತ್ತಿ ಪಟ್ಟಿ ಕಟ್ಟದೆ, ಮೂಳೆಯ ಅಂಚಿಗೆ ಆನುವ ಪ್ಲಾಸ್ಟಿಕ್ ಶೀಲ್ಡ್ ಇಟ್ಟು ಆ ಗಳಿಗೆಯಲ್ಲೇ ಹೊರಡಿ.

ಹುಣ್ಣು ಆಳಕ್ಕಿಳಿದಿದ್ದರೆ ವೊರಿಕೊನಜೋಲ್ ಮಾತ್ರೆಯನ್ನೂ ಸೇರಿಸುವುದುಂಟು. ದೊಡ್ಡವರಿಗೆ ಸಾಮಾನ್ಯವಾಗಿ ಮೊದಲ ದಿನ 400 ಮಿ.ಗ್ರಾಂ. 12 ಗಂಟೆಗೊಮ್ಮೆ ಎರಡು ಸಲ, ಆಮೇಲೆ 200 ಮಿ.ಗ್ರಾಂ. ದಿನಕ್ಕೆರಡು ಸಲ. ಊಟದ ಜೊತೆಗಲ್ಲ, ಊಟಕ್ಕೆ ಕನಿಷ್ಠ ಒಂದು ಗಂಟೆ ಮುಂಚೆ ಅಥವಾ ಒಂದು ಗಂಟೆ ನಂತರ. ತುಂಬಿದ ಹೊಟ್ಟೆಯಲ್ಲಿ ರಕ್ತಕ್ಕೆ ಸೇರುವುದು ಕಡಿಮೆ. ನುಂಗಿ ಅರ್ಧ ಗಂಟೆಗೆ ಎರಡೂ ಕಣ್ಣಿಗೆ ಬಣ್ಣ ಬೇರೆಯಾಗಿ, ಬೆಳಕು ಮಿನುಗಿದಂತೆ ಕಾಣಬಹುದು. ಅದು ಮಾತ್ರೆಯದು, ಹುಣ್ಣಿನದಲ್ಲ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಹೋಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಲಿವರ್ ಪರೀಕ್ಷೆ ಮೊದಲೂ ನಡುವೆಯೂ ಬೇಕು, ಕಣ್ಣು ಹಳದಿಯಾಗಿ ಮೂತ್ರ ಗಾಢವಾದರೆ ತಕ್ಷಣ ತಿಳಿಸಿ. ಕ್ಷಯದ ರಿಫಾಂಪಿಸಿನ್, ಫಿಟ್ಸ್‌ನ ಕಾರ್ಬಮಜೆಪೀನ್ ಇದನ್ನು ನಿಷ್ಫಲ ಮಾಡುತ್ತವೆ. ಇದು ಕೊಲೆಸ್ಟೆರಾಲ್ ಇಳಿಸುವ, ರಕ್ತ ತೆಳುಮಾಡುವ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಬಲ ಹೆಚ್ಚಿಸುತ್ತದೆ. ಬಸುರಿಯಾಗಿದ್ದರೆ ಮೊದಲೇ ಹೇಳಬೇಕು. ಮಾತ್ರೆ ಎಲ್ಲರಿಗೂ ಬೇಕೆಂದೇನಿಲ್ಲ: ಗಂಭೀರ ಹುಣ್ಣುಗಳಲ್ಲಿ ಇದನ್ನು ಹನಿಯ ಜೊತೆ ಕೊಟ್ಟು ನೋಡಿದ ಎರಡನೇ ಪ್ರಯೋಗದಲ್ಲಿ ತೂತಾಗುವುದು ಒಟ್ಟಾರೆ ತಗ್ಗಲಿಲ್ಲ.

ನೋವು ಹೋಯಿತೆಂದು ಹನಿ ನಿಲ್ಲಿಸುವುದು ಕಡೆಯ ತಪ್ಪು. ಮೇಲ್ಪದರ ಮುಚ್ಚಿದರೂ ಕೆಳಗೆ ಎಳೆಗಳು ಉಳಿದಿರುತ್ತವೆ, ವೈದ್ಯರು ನಿಲ್ಲಿಸಿ ಎನ್ನುವವರೆಗೆ ಹಾಕಲೇಬೇಕು. ಮಾಯ್ದ ಮೇಲೆ ಉಳಿಯುವ ಬಿಳಿ ಕಲೆ ಸತ್ತ ಗಾಯದ ಗುರುತು, ಇನ್ನಷ್ಟು ಹನಿಯಿಂದ ಅಳಿಯುವುದಿಲ್ಲ. ಕಲೆ ಪಾಪೆಯ ಎದುರಿಗೇ ಇದ್ದರೆ ಕಾರ್ನಿಯಾ ಕಸಿಯ ಮಾತು ತಿಂಗಳುಗಳ ನಂತರದ್ದು. ಉಳಿದ ಬಾಟಲಿಯನ್ನು ಚೆಲ್ಲಿಬಿಡಿ, ಮುಂದಿನ ಹಂಗಾಮಿಗೆ ಇಟ್ಟುಕೊಳ್ಳುವುದಾದರೆ ಪಕ್ಕವೂ ಮುಚ್ಚುವ ಪ್ಲಾಸ್ಟಿಕ್ ಕನ್ನಡಕ ಇಟ್ಟುಕೊಳ್ಳಿ.